ತೋಳಗಾಳು

ಪಾತ್ರೆ ಬೆಳ್ಳಗಾಗಿ ಎಷ್ಟೋ ಹೊತ್ತಾಗಿದ್ದರೂ ಸಿದ್ದಮ್ಮ ಉಜ್ಜುತ್ತಲೇ ಇದ್ದಳು. ಹಿತ್ತಲ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ತೆಂಗಿನ ನಾರಿಗೆ ಬೂದಿ ಹಚ್ಚಿಕೊಂಡು, ತಳವೇ ಕಿತ್ತು ಬರಬೇಕು ಅನ್ನುವ ಹಾಗೆ ತಿಕ್ಕುತ್ತಿದ್ದಳು. ಮನೆಯ ಮುಂದೆ ಜಗಲಿಯಲ್ಲಿ ಅವಳ ಮಾವ ಗಂಗಹನುಮಯ್ಯನ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಪಕ್ಕದ ತೋಟದ ಚಿನ್ನಮ್ಮಜ್ಜಿ ರಾಗ ತೆಗೆದು ಅಳುವುದು ಹಿತ್ತಲವರೆಗೂ ಕೇಳುತ್ತಿತ್ತು. ಮನೆಯ ಸೊಸೆ ಹೆಣದ ಹತ್ತಿರ ಇರಬೇಕಾದ ಹೊತ್ತಿನಲ್ಲಿ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಾಳೆ ಅಂದರೆ ಜನ ಏನಂದುಕೊಳ್ಳುತ್ತಾರೆ ಅನ್ನುವುದು ಅವಳಿಗೆ ಗೊತ್ತಿರಲಿಲ್ಲ ಅಂತಲ್ಲ. ಕೈ ನಿಲ್ಲುತ್ತಿರಲಿಲ್ಲ, ಅಷ್ಟೆ.

ಆ ಪಾತ್ರೆಯಲ್ಲಿ ನಿನ್ನೆ ಸಂಜೆ ಅವಳು ತೋಳಗಾಳು ಬೇಯಿಸಿದ್ದಳು. ಮಾವನಿಗೆ ಒಂದು ಬಟ್ಟಲು ತುಂಬ ಕೊಟ್ಟಿದ್ದಳು. ಬೆಳಗಿನ ಕೋಳಿ ಕೂಗುವ ಹೊತ್ತಿಗೆ ಮಾವ ಸತ್ತುಹೋಗಿದ್ದ. ಅಕ್ಕಪಕ್ಕದವರು ಬರುವ ಮೊದಲೇ ಉಳಿದ ಕಾಳನ್ನು ಕಕ್ಕಸಿನ ಗುಂಡಿಗೆ ಸುರಿದು, ಮೇಲೆ ಎರಡು ಬಿಂದಿಗೆ ನೀರು ಹೊಯ್ದು ಬಂದಿದ್ದಳು. ಅಲ್ಲಿಂದ ಇಲ್ಲಿವರೆಗೆ ಅವಳ ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಹೆದರಿಕೆ ಇರುವ ಕಡೆ ಅಳುವಿಗೆ ಜಾಗ ಎಲ್ಲಿ?

"ಸಿದ್ದೀ." ಗಂಡ ಪುಟ್ಟಸ್ವಾಮಿ ಹಿತ್ತಲ ಬಾಗಿಲಲ್ಲಿ ನಿಂತಿದ್ದ. "ಏನ್ ಮಾಡ್ತಿದ್ದೀಯೆ ಇಲ್ಲಿ? ಬೈರಾಪಟ್ಟಣದಿಂದ ಚಿಕ್ಕಪ್ಪ ಬಂದವ್ರೆ. ನಿನ್ನ ಕರೀತಾವ್ರೆ."

"ನನ್ನ ಯಾಕೆ?"

"ನಿನ್ನೆ ಅಪ್ಪ ಏನ್ ಉಂಡ್ತು ಅಂತ ಕೇಳ್ತಾವ್ರೆ."

ಸಿದ್ದಮ್ಮನ ಕೈಯಿಂದ ಪಾತ್ರೆ ಜಾರಿ ಕಲ್ಲಿನ ಮೇಲೆ ಬಿದ್ದು ಠಣ್ಣೆಂದಿತು. ಚಿನ್ನಮ್ಮಜ್ಜಿಯ ಅಳು ಕೂಡ ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ವೆಂಕಟಯ್ಯ ಸತ್ತವನ ತಮ್ಮ. ಗಾಡಿ ನಿಲ್ಲಿಸಿ ಇಳಿದವನು ಹೆಗಲ ಟವೆಲ್ಲನ್ನೂ ತೆಗೆಯದೆ ನೇರವಾಗಿ ಅಣ್ಣನ ಮುಂದೆ ಹೋಗಿ ಕೂತಿದ್ದ. ಸಿದ್ದಮ್ಮ ಕಂಬದ ಹಿಂದೆ ಬಂದು ನಿಲ್ಲುವುದಕ್ಕೂ, ಅವನು ಹೆಬ್ಬೆರಳಿಂದ ಹೆಣದ ರೆಪ್ಪೆ ಎತ್ತುವುದಕ್ಕೂ ಸರಿಹೋಯಿತು.

"ನೋಡ್ಲಾ ಪುಟ್ಟ, ಕಣ್ ಪಾಪೆ ಎಷ್ಟ್ ಅಗಲಾಗೈತೆ. ಇದು ಜ್ವರದಾಗೆ ಸತ್ತೋನ್ ಕಣ್ಣೇನ್ಲಾ? ಅವತ್ತು ನಮ್ ಹಸೂಗೂ ಇಂಗೇ ಆಗಿತ್ತು. ಆ ತೋಳಗಿಡವೇ ಕಣ್ಲಾ ಇವ್ನ ತಿಂದಿರೋದು."

"ಎದೇಲಿ ಕಫ ಕಟ್ಟಿತ್ತು ಚಿಕ್ಕಪ್ಪ," ಪುಟ್ಟಸ್ವಾಮಿ ಅಂದ. "ಹಾರ್ಟು ವೀಕ್ ಐತೆ, ಕನಕಪುರುಕ್ಕೆ ಕರ್ಕೊಂಡೋಗಿ ಅಂತ ಕೋಡಿಹಳ್ಳಿ ಡಾಕ್ಟ್ರು ಮೂರ್ ದಿನದಿಂದ ಹೇಳ್ತಿದ್ರು. ಅಪ್ಪನೇ ಬರಾಕಿಲ್ಲ ಅಂತು."

"ವೀಕ್ ಆಗದೆ ಇನ್ನೇನಾಯ್ತದೆ? ನಲವತ್ತು ವರ್ಷದಿಂದ ಇಸ ತಿಂದೋನು."

ಚಿನ್ನಮ್ಮಜ್ಜಿ ಸೆರಗಿನಲ್ಲಿ ಮೂಗು ಒರೆಸಿಕೊಂಡು ತನ್ನದೂ ಒಂದು ಮಾತು ಸೇರಿಸಿದಳು. "ನಾನಂತೂ ಬಡ್ಕಂಡೆ ಕಣಪ್ಪ. ಆ ಹೂವಿನ ವಾಸ್ನೆಗೆ ನಾಗರಾವು ಬತ್ತದೆ. ಬಸುರಿ ಹೆಂಗಸ್ರು ಆ ಕಡೀಕೆ ತಲೆ ಹಾಕ್ಬಾರ್ದು. ನೆಲದ ಸತ್ವನೆಲ್ಲ ಹೀರ್ಬುಡ್ತದೆ. ಪಾಪ, ದೊಡ್ಡಲಕ್ಷ್ಮಿ ಹೋಗಿದ್ದೂ ಅದ್ರಿಂದ್ಲೇ."

ಗಂಗಹನುಮಯ್ಯನ ಹೆಂಡತಿ ದೊಡ್ಡಲಕ್ಷ್ಮಮ್ಮ ಹೋದದ್ದು ಸಕ್ಕರೆ ಕಾಯಿಲೆಯಿಂದ, ಅದೂ ಮೊಮ್ಮಗಳನ್ನು ತೊಡೆ ಮೇಲೆ ಆಡಿಸಿದ ಮೇಲೆ. ಇನ್ನು ಚಿನ್ನಮ್ಮಜ್ಜಿ, ಪ್ರತಿ ವರ್ಷ ಚಳಿಗಾಲದಲ್ಲಿ ಬಟ್ಟಲು ಹಿಡಿದು ಬಂದು, "ಒಸಿ ಕಾಳ್ ಕೊಡು ಗಂಗಣ್ಣ" ಅಂತ ಇದೇ ಜಗಲಿಯಲ್ಲಿ ಕೂತು ಚಪ್ಪರಿಸಿಕೊಂಡು ತಿಂದವಳು. ಸಾವಿನ ಮನೆಯಲ್ಲಿ ಅದನ್ನೆಲ್ಲ ಯಾರು ಎತ್ತಿ ಆಡುತ್ತಾರೆ?

ವೆಂಕಟಯ್ಯ ತಿರುಗಿ ಸಿದ್ದಮ್ಮನನ್ನು ನೋಡಿದ. "ನಿನ್ನೆ ಏನ್ ಕೊಟ್ಟಿದ್ದೆ ಊಟಕ್ಕೆ?"

"ಗಂಜಿ," ಅಂದಳು ಸಿದ್ದಮ್ಮ.

"ಕಾಳೂ ತಿಂತಲ್ಲವ್ವ ತಾತ!" ಆರು ವರ್ಷದ ಮಗಳು ಅಪ್ಪನ ಕಾಲು ತಬ್ಬಿಕೊಂಡು ನಿಂತಿದ್ದವಳು ಹೇಳಿಬಿಟ್ಟಳು. "ನಾನ್ ಕೇಳಿದ್ರೂ ನಂಗೆ ಒಂದೂ ಕೊಡ್ಲಿಲ್ಲ."

ವೆಂಕಟಯ್ಯ ಜೇಬಿನಿಂದ ಫೋನು ತೆಗೆದ.

"ಸ್ಟೇಷನ್ಗೆ ಹೇಳ್ತೀನಿ. ಕೊಯ್ಸಿ ನೋಡ್ಲಿ. ಹೊಟ್ಟೆ ಒಳಗೆ ಏನೈತೆ ಅಂತ ಆಚೆ ಬತ್ತದೆ."

"ನಮ್ಮಪ್ಪನ ಕೊಯ್ಸೋದಾ?" ಪುಟ್ಟಸ್ವಾಮಿ ಅಡ್ಡ ಬಂದ. "ಒಸಿ ತಡೀರಿ ಚಿಕ್ಕಪ್ಪ. ಚನ್ನಪಟ್ಟಣದಿಂದ ಕರೀಂ ಮಾಮ ಬತ್ತಾವ್ರೆ. ಆ ಗಿಡದ ವಿಚಾರ ಅವ್ರಿಗೆ ಗೊತ್ತು. ಅವ್ರು ಬಂದ್ ಹೇಳ್ಲಿ."

ಸಿದ್ದಮ್ಮ ಕಂಬ ಹಿಡಿದುಕೊಂಡಳು. ಕನಕಪುರದ ಆಸ್ಪತ್ರೆ, ಖಾಕಿ ಸೀರೆಯ ಹೆಂಗಸು, ಜೀಪು, ಎಲ್ಲ ಕಣ್ಣ ಮುಂದೆ ಬಂತು. ಅದೆಲ್ಲ ಆದರೆ ನಾಳೆ ಸೋಮವಾರ ಸ್ಕೂಲಿಗೆ ಮಗಳ ಜಡೆ ಹೆಣೆಯುವವರು ಯಾರು ಅನ್ನುವುದೇ ಅವಳಿಗೆ ಎಲ್ಲಕ್ಕಿಂತ ದೊಡ್ಡ ಭಯವಾಗಿ ನಿಂತಿತು.

*

ಆ ಗಿಡ ಈ ತೋಟಕ್ಕೆ ಬಂದದ್ದು ಸಿದ್ದಮ್ಮ ಹುಟ್ಟುವುದಕ್ಕೂ ಹತ್ತು ವರ್ಷ ಮೊದಲು. ಗಂಗಹನುಮಯ್ಯ ಆಗ ಮಾಗಡಿ ಕಡೆಯ ಒಂದು ಬೀಜದ ಫಾರಮ್ಮಿನಲ್ಲಿ ಕೂಲಿಗಿದ್ದ. ಚನ್ನಪಟ್ಟಣದಲ್ಲಿ ಬೊಂಬೆಯ ಕೆಲಸ ಬಿಟ್ಟು ಬಂದಿದ್ದ ಕರೀಂ ಅವನ ಜೊತೆಗಾರ. ಒಂದು ವರ್ಷ ಅಲ್ಲಿಗೆ ಯಾವುದೋ ಹೊರದೇಶದಿಂದ ಒಂದು ಮೂಟೆ ಬಿಳಿ ಕಾಳು ಬಂತು. ಅವರೆಕಾಳಿಗಿಂತ ದೊಡ್ಡದು, ಚಪ್ಪಟೆ, ನಡುವೆ ಹೆಬ್ಬೆಟ್ಟು ಒತ್ತಿದಂಥ ಗುಳಿ. ಲೂಪಿನ್ ಅಂತ ಹೆಸರು.

ಫಾರಂ ಸಾಹೇಬರು ಕೂಲಿಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ಹೇಳಿದರು. ಆ ಸೀಮೆಯ ಹಳೆಯ ಭಾಷೆಯಲ್ಲಿ ಈ ಹೆಸರಿಗೆ ತೋಳದ ಸಂಬಂಧವಂತೆ. ಬರಡು ನೆಲದಲ್ಲೇ ಇದು ಬೆಳೆಯುವುದನ್ನು ಕಂಡು, ನೆಲವನ್ನು ತೋಳದ ಹಾಗೆ ತಿಂದು ಬರಡು ಮಾಡಿದ್ದು ಇದೇ ಅಂದುಕೊಂಡರಂತೆ ಅಲ್ಲಿನ ಜನ. ಅದು ತಪ್ಪು, ಇದು ನೆಲಕ್ಕೆ ಕೊಡುವ ಗಿಡ, ಗಾಳಿಯಲ್ಲಿರುವ ಸತ್ವವನ್ನು ಹಿಡಿದು ಬೇರಿನ ಗಂಟಿನಲ್ಲಿ ಕೂಡಿಡುತ್ತದೆ, ಹೂ ಬಿಟ್ಟಾಗ ಉತ್ತು ಮುಚ್ಚಿದರೆ ಗೊಬ್ಬರ ಅಂತಲೂ ಹೇಳಿದರು. ರಾತ್ರಿಯಾದರೆ ಬೆಟ್ಟದಿಂದ ಇಳಿದು ಕುರಿ ಹೊತ್ತುಕೊಂಡು ಹೋಗುವ ತೋಳವನ್ನು ಕಣ್ಣಾರೆ ಕಂಡ ಜನ ಈ ಕೂಲಿಯವರು. ತೋಳ ಅನ್ನುವ ಮಾತು ಎಲ್ಲರ ತಲೆಯಲ್ಲಿ ಉಳಿಯಿತು, ಕಾಳಿಗೆ ತೋಳಗಾಳು ಅಂತಲೇ ಹೆಸರಾಯಿತು. ತಪ್ಪು ಅನ್ನುವ ಮಾತು ಇಬ್ಬರ ತಲೆಯಲ್ಲಿ ಮಾತ್ರ ಉಳಿಯಿತು.

ಎರಡು ವರ್ಷಕ್ಕೆ ಫಾರಮ್ಮಿನವರು ಆ ಕಾಳಿನ ಗೊಡವೆ ಬಿಟ್ಟರು. ಗಂಗಹನುಮಯ್ಯ ಟವೆಲ್ಲಿನ ತುದಿಯಲ್ಲಿ ಒಂದು ಬೊಗಸೆ ಕಟ್ಟಿಕೊಂಡು ಊರಿಗೆ ಬಂದ. ಮನೆಯ ಹಿಂದೆ ಹುರುಳಿಯೂ ಬಾರದ ಗೊರಜುಗಲ್ಲಿನ ನೆಲ ಒಂದು ಪಟ್ಟಿ ಇತ್ತು. ಅಲ್ಲಿ ಊರಿದ. ಕೈಬೆರಳು ಬಿಡಿಸಿದಂಥ ಎಲೆ, ಬಿಳಿ ತೆನೆ ಹೂ. ಬೆಳಗ್ಗೆ ನೋಡಿದರೆ ಪ್ರತಿ ಎಲೆಯ ನಡುವೆ ಒಂದೊಂದು ಇಬ್ಬನಿ ಹನಿ, ಅಂಗೈಯಲ್ಲಿ ತೀರ್ಥ ಹಿಡಿದ ಹಾಗೆ. ಹೂ ಬಿಟ್ಟಾಗ ಪಟ್ಟಿಯನ್ನೆಲ್ಲ ಅಗೆದು ಮುಚ್ಚುತ್ತಿದ್ದ, ಬೀಜಕ್ಕೆ ಅಂತ ಒಂದು ಸಾಲು ಬಿಡುತ್ತಿದ್ದ. ಕೆಲವು ವರ್ಷಕ್ಕೆ ಅಲ್ಲಿ ಹಾಕಿದ ರಾಗಿ ಸೊಂಟದೆತ್ತರ ಬಂತು. ಆಮೇಲಾಮೇಲೆ ದೊಡ್ಡಲಕ್ಷ್ಮಮ್ಮನನ್ನು ಅದೇ ಪಟ್ಟಿಯ ಅಂಚಿಗೆ ಮಣ್ಣು ಮಾಡಿದ್ದರಿಂದ, ರಾಗಿ ಚೆನ್ನಾಗಿ ಬರುವುದು ಆ ಮಹಾತಾಯಿಯ ಪುಣ್ಯ ಅಂತ ಜನ ಅಂದರು. ಕೆಟ್ಟದ್ದೆಲ್ಲ ಗಿಡದ ಲೆಕ್ಕಕ್ಕೆ, ಒಳ್ಳೆಯದೆಲ್ಲ ಇನ್ನೊಬ್ಬರ ಲೆಕ್ಕಕ್ಕೆ.

ಕೆಟ್ಟದ್ದು ಒಂದು ನಡೆದದ್ದೂ ನಿಜ. ಅಣ್ಣತಮ್ಮಂದಿರು ಇನ್ನೂ ಒಟ್ಟಿಗಿದ್ದಾಗ ವೆಂಕಟಯ್ಯನ ಹಸು ಕಣ್ಣಿ ಕಿತ್ತುಕೊಂಡು ಹೋಗಿ ಬಲಿತ ಕಾಯಿಯನ್ನೆಲ್ಲ ತಿಂದು ಮಾರನೆಯ ದಿನ ಸತ್ತಿತು. "ಕಾಯಿ ಬಲಿತ್ಮೇಲೆ ಅದು ಇಸವೇ. ಬೇಲಿ ಕಟ್ಟದೆ ಇದ್ದದ್ದು ನನ್ ತಪ್ಪು," ಅಂದ ಗಂಗಹನುಮಯ್ಯ, ತನ್ನ ಹಸುವನ್ನೇ ತಂದು ತಮ್ಮನ ಗೂಟಕ್ಕೆ ಕಟ್ಟಿದ. ವೆಂಕಟಯ್ಯ ಹಸು ಕಟ್ಟಿಸಿಕೊಂಡ, ಮಾತು ಬಿಟ್ಟ, ಪಾಲು ತೆಗೆದುಕೊಂಡು ಹೆಂಡತಿಯ ಊರು ಬೈರಾಪಟ್ಟಣ ಸೇರಿದ.

*

ಕರೀಂ ಬರುವ ಹೊತ್ತಿಗೆ ಬಿಸಿಲು ಜಗಲಿ ಏರಿತ್ತು. ಎಪ್ಪತ್ತು ದಾಟಿದ ಮನುಷ್ಯ. ಫಾರಂ ಬಿಟ್ಟ ಮೇಲೆ ಮತ್ತೆ ಬೊಂಬೆಗೆ ಅರಗು ಹಚ್ಚಿ ಹಚ್ಚಿ ಉಗುರ ಸಂದಿಯಲ್ಲಿ ಕೆಂಪು ನಿಂತುಬಿಟ್ಟಿತ್ತು. ಬಸ್ಸಿಳಿದು ನಡೆದು ಬಂದವನು ಗೆಳೆಯನ ಮುಂದೆ ಕೂತು ಅವನ ಮಂಡಿ ಹಿಡಿದುಕೊಂಡ. "ಹೋಗ್ಬಿಟ್ಟಾ ಗಂಗಣ್ಣ," ಅಂದ. ಅಷ್ಟೇ. ಮುದುಕನ ಭುಜ ಅಲುಗುತ್ತಿತ್ತು.

ವೆಂಕಟಯ್ಯ ಅವನನ್ನು ಹೆಚ್ಚು ಹೊತ್ತು ಅಳಲು ಬಿಡಲಿಲ್ಲ. "ಸಾಹೇಬ್ರೆ, ನೀವೇ ಹೇಳಿ. ಆ ಗಿಡ ಇಸ ಹೌದೋ ಅಲ್ವೋ?"

ಕರೀಂ ಕಣ್ಣೊರೆಸಿಕೊಂಡ. "ಗಿಡದ ಮೇಲೆ ಯಾಕಪ್ಪ ಸಿಟ್ಟು? ಹಾವಂತೆ, ವಾಸ್ನೆಯಂತೆ, ಬಸುರಿಯಂತೆ, ಅವೆಲ್ಲ ಸುಳ್ಳು. ನೆಲ ತಿಂತದೆ ಅನ್ನೋದೂ ಸುಳ್ಳು. ಕಾಳು ಕಹಿ, ಅದು ನಿಜ. ಆ ಕಹೀಲೇ ಇಸ ಇರೋದು. ಒಂದ್ ರಾತ್ರಿ ನೆನೆಸಿ, ಬೇಯ್ಸಿ, ಆಮೇಲೆ ಐದ್ ದಿನ, ದಿನುಕ್ ಎರಡ್ ಸಾರಿ ನೀರ್ ಬದ್ಲಾಯಿಸ್ಬೇಕು. ಬೇಯ್ಸಿದ್ ತಕ್ಷಣ ಇಸ ಹೋಯ್ತು ಅಂತ ಜನ ತಿಳ್ಕತಾರೆ. ಹೋಗಾಕಿಲ್ಲ. ನೀರೇ ಅದನ್ನ ತೊಳೀಬೇಕು."

"ತೊಳೀದಿದ್ರೆ?"

"ತೊಳೀದೆ ತಿಂದ್ರೆ ಬಾಯಿ ಒಣಗ್ತದೆ. ನೀರು ನೀರು ಅಂತಾರೆ. ಕಣ್ ಪಾಪೆ ಅಗಲಾಗಿ ಮಂಜ್ ಮಂಜಾಗ್ತದೆ. ಎದೆ ಹೊಡ್ಕೊಳ್ತದೆ. ಗಟ್ಟಿಮುಟ್ಟಾದೋರು ಸುಧಾರಿಸ್ಕೊಳ್ತಾರೆ. ಹಾರ್ಟು ವೀಕ್ ಇರೋರು…"

ಒಂದೊಂದು ಮಾತೂ ಸಿದ್ದಮ್ಮನ ಎದೆಯ ಮೇಲೆ ಕಲ್ಲಿಟ್ಟ ಹಾಗಾಯಿತು. ಚಿನ್ನಮ್ಮಜ್ಜಿ ಹೇಳಿದ ಹಾವು, ವಾಸನೆ ಎಲ್ಲ ಕೇಳುವಾಗ ಅವಳಿಗೆ ಅಷ್ಟು ಹೆದರಿಕೆ ಆಗಿರಲಿಲ್ಲ. ಸುಳ್ಳಿಗೆ ಏನು ಹೆದರುವುದು? ಈ ಮುದುಕ ಹೇಳುತ್ತಿರುವುದು ನಿಜ. ನಿನ್ನೆ ಸಂಜೆ ಬಟ್ಟಲು ಖಾಲಿ ಮಾಡಿ ಒಳಗೆ ಬಂದ ಮಾವ ಮೊದಲು ಕೇಳಿದ್ದು ನೀರು. ಒಂದು ಚೊಂಬು ಮುಗಿಸಿ ಇನ್ನೊಂದು ಚೊಂಬು ಕೇಳಿದ್ದ.

"ಅದೆಲ್ಲ ಇರ್ಲಿ," ಕರೀಂ ಸುತ್ತ ನೋಡಿದ. "ಗಂಗಣ್ಣ ಐದ್ ದಿನ ತಪ್ಪಿಸಿದೋನಲ್ಲ. ಈ ಸಾರಿ ಮಲಗಿದ್ದ ಅಂತೀರಿ. ನೀರ್ ಬದ್ಲಾಯಿಸಿದ್ದು ಯಾರು?"

"ನಾನು," ಅಂದಳು ಸಿದ್ದಮ್ಮ.

"ದಿನುಕ್ಕೆ ಎರಡ್ ಸಾರಿ?"

"ಹೂಂ."

"ಐದ್ ದಿನಾನೂ?"

"ಹೂಂ ಮಾಮ."

"ಮುಗೀತಲ್ಲ." ಕರೀಂ ವೆಂಕಟಯ್ಯನ ಕಡೆ ತಿರುಗಿದ. "ಆ ಮಗಳು ಬದ್ಲಾಯಿಸಿದೀನಿ ಅಂದ್ಮೇಲೆ ಮುಗೀತು. ಸತ್ತೋರ್ ಕಣ್ ಪಾಪೆ ಎಲ್ರುದೂ ಅಗಲಾಗೇ ಇರ್ತದೆ. ಫೋನ್ ಒಳಗಿಡಪ್ಪ."

ವೆಂಕಟಯ್ಯ ಫೋನನ್ನು ಒಳಗಿಡಲಿಲ್ಲ, ಹಚ್ಚಲೂ ಇಲ್ಲ, ಕೈಯಲ್ಲೇ ಹಿಡಿದುಕೊಂಡ. ಅವನು ಇನ್ನೂ ನಾಲ್ಕು ಮಾತು ಬೈದಿದ್ದರೆ ಸಿದ್ದಮ್ಮ ತಡೆದುಕೊಳ್ಳುತ್ತಿದ್ದಳು. ಕರೀಂ ಅವಳನ್ನು ಒಂದು ಮಾತಿಗೆ ನಂಬಿಬಿಟ್ಟದ್ದನ್ನು ತಡೆದುಕೊಳ್ಳುವುದು ಕಷ್ಟವಾಯಿತು.

*

ಗಂಗಹನುಮಯ್ಯ ಕಾಳು ನೆನೆಹಾಕಿದ ಮಾರನೆಯ ದಿನವೇ ಅವನಿಗೆ ಜ್ವರ ಶುರುವಾಗಿತ್ತು. ಬೇಯಿಸಿದ್ದು ಅವನೇ. ಮೊದಲ ದಿನ ಎರಡು ಸಾರಿ ನೀರು ಚೆಲ್ಲಿದವನೂ ಅವನೇ. ಆ ನೀರನ್ನು ದನದ ಬಾನಿಗೆ ಬೀಳದ ಹಾಗೆ, ಕೋಳಿ ಕುಡಿಯದ ಹಾಗೆ ಹಿಂದಿನ ಪಟ್ಟಿಗೆ ಒಯ್ದು ಹೊಯ್ಯುವುದು ಅವನ ಪದ್ಧತಿ. ಎರಡನೆಯ ದಿನ ಏಳಲಾಗಲಿಲ್ಲ.

"ಇನ್ನ ನೀನೇ ನೋಡ್ಕಬೇಕವ್ವ," ಅಂದಿದ್ದ. "ಬೆಳಗ್ಗೆ ಒಂದಪ, ಸಂಜೆ ಒಂದಪ. ಕೊನೇಲಿ ಒಂದ್ ಕಾಳ್ ಮುಂದಿನ್ ಹಲ್ಲಲ್ಲಿ ಕಚ್ಚಿ ನೋಡು. ನಾಲಿಗೆ ತುದೀಗೆ ಕಹಿ ತಾಗ್ತೋ, ಮತ್ತೆ ನೀರಿಗಾಕು. ಇನ್ನೊಬ್ರಿಗೆ ಕೊಡೋಕ್ ಮುಂಚೆ ನಾವ್ ಕಚ್ಬೇಕು."

ಸಿದ್ದಮ್ಮ ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಬಾಟಲಿ ಮುಚ್ಚಳ ಮಾಡುವ ಕಂಪನಿಯೊಂದಕ್ಕೆ ಹೋಗುತ್ತಿದ್ದಳು. ಬೆಳಗ್ಗೆ ಐದೂವರೆಗೆ ರಸ್ತೆಯಲ್ಲಿ ವ್ಯಾನು. ಹನ್ನೆರಡು ಗಂಟೆ ನಿಂತು ಬಂದರೆ ಸಂಜೆ ಪಾದ ಊದಿ ಚಪ್ಪಲಿಯೊಳಗೆ ಹೋಗುತ್ತಿರಲಿಲ್ಲ. ಎರಡನೆಯ ದಿನ ಬೆಳಗ್ಗೆ ಮರೆತಳು. ಸಂಜೆ ನೆನಪಾಯಿತು, ಆದರೆ ಆ ಭಾರದ ಪಾತ್ರೆ ಎತ್ತಿಕೊಂಡು ಪಟ್ಟಿಯವರೆಗೆ ಯಾರು ಹೋಗುತ್ತಾರೆ ಅನ್ನಿಸಿತು. ಮೂರನೆಯ ದಿನ ಮಾವ ಕೋಣೆಯಿಂದಲೇ ಕೇಳಿದ, "ನೀರ್ ಬದ್ಲಾಯಿಸ್ದೇನವ್ವ?" ಬದಲಾಯಿಸಿದೆ ಮಾವ ಅಂದಳು. ಒಂದು ಸಾರಿ ಅಂದ ಮೇಲೆ ಮಾರನೆಯ ದಿನವೂ ಅನ್ನುವುದು ಸುಲಭವಾಯಿತು. ಕಾಳಿಗೆ ಏನಾಗುತ್ತದೆ, ಬೆಂದಿದೆಯಲ್ಲ, ಈ ಮುದುಕರದ್ದೊಂದು ಶಾಸ್ತ್ರ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ನಿನ್ನೆ ಭಾನುವಾರ ಅಲ್ಲದಿದ್ದರೂ ರಜೆ ಹಾಕಿ ಮನೆಯಲ್ಲಿದ್ದಳು. ಸಂಜೆ ಮಾವ ಎದ್ದು ಕೂತು, ಬಾಯಿ ಸಪ್ಪೆ, ಒಸಿ ತೋಳಗಾಳು ಕೊಡು ಅಂದ. ಅವಳು ನೀರು ಬಸಿದು, ಮತ್ತೊಂದು ಕುದಿ ಕುದಿಸಿ, ಸಾಸಿವೆ ಕರಿಬೇವಿನ ಒಗ್ಗರಣೆ ಹಾಕಿ, ಕೊಬ್ಬರಿ ಹೆಚ್ಚಿ ಹಾಕಿದಳು. ಸಣ್ಣಗೆ ತುರಿಯುವ ತಾಳ್ಮೆ ಅವಳಿಗೆ ಯಾವತ್ತೂ ಇರಲಿಲ್ಲ, ಉದ್ದುದ್ದ ಹೋಳು ಮಾಡಿ ಹಾಕುವುದೇ ಅವಳ ಅಡುಗೆ. ಕಚ್ಚಿ ನೋಡಲಿಲ್ಲ.

ಮಾವ ಬಟ್ಟಲು ತೆಗೆದುಕೊಂಡ. ಒಂದು ಕಾಳನ್ನು ಬಾಯಿಗೆ ತಂದು ಕಚ್ಚಿದ. ಬಟ್ಟಲಿನೊಳಗೆ ನೋಡಿದ. ಆಮೇಲೆ, "ಹಿಂದ್ಗಡೆ ಗಾಳೀಲಿ ಕೂತ್ ತಿಂತೀನಿ," ಅಂತ ಗೋಡೆ ಹಿಡಿದುಕೊಂಡು ಎದ್ದ. ಮೊಮ್ಮಗಳು ಓಡಿಬಂದು ಅಂಗೈ ಚಾಚಿದಳು. ಪ್ರತಿ ಸಾರಿಯೂ ಕಾಳಿನ ಸಿಪ್ಪೆ ಹಿಚುಕಿ ಪಟಕ್ಕನೆ ಅವಳ ಬಾಯಿಗೆ ಹಾರಿಸುತ್ತಿದ್ದ ತಾತ ಅವತ್ತು ಬಟ್ಟಲನ್ನು ಎದೆಗೆ ಒತ್ತಿಕೊಂಡ. "ಬೇಡ ಮಗ. ಇದು ನಂಗೇ ಇರ್ಲಿ," ಅಂದ. ಹಿಂದಿನಿಂದ ಬಂದ ಮೇಲೆ ನೀರು ಕೇಳಿದ, ಖಾಲಿ ಬಟ್ಟಲು ಕೊಟ್ಟ. "ಚೆನ್ನಾಗಿತ್ತು ಕಣವ್ವ. ಉಳಿದಿರೋದನ್ನ ಯಾರೂ ಮುಟ್ಬೇಡಿ, ಮಗೀಗೂ ಕೊಡ್ಬೇಡ. ನಾಳೀಕೆ ನಂಗೇ ಬೇಕು."

ಮುದುಕನಿಗೆ ಕೊನೆಗಾಲದಲ್ಲಿ ಎಂಥ ಆಸೆಬುರುಕತನ, ಮೊಮ್ಮಗಳಿಗೆ ಒಂದು ಕಾಳು ಕೊಡಲಿಲ್ಲವಲ್ಲ ಅಂತ ಸಿದ್ದಮ್ಮ ಒಳಗೊಳಗೇ ಸಿಡಿಮಿಡಿಗೊಂಡಿದ್ದಳು.

*

ಮೀಯಿಸಿ ಹೊಸ ಪಂಚೆ ಉಡಿಸಿದ ಮೇಲೆ ಹೆಣದ ಬಾಯಿಗೆ ಅಕ್ಕಿ ಹಾಕುವ ಶಾಸ್ತ್ರ ಶುರುವಾಯಿತು. ಹಿತ್ತಲ ಆಚೆ ಪಟ್ಟಿಯಲ್ಲಿ, ದೊಡ್ಡಲಕ್ಷ್ಮಮ್ಮನ ಪಕ್ಕಕ್ಕೆ, ಊರಿನ ಆಳು ಕೆಂಪಯ್ಯ ಗುಂಡಿ ತೋಡುತ್ತಿದ್ದ. ಗುದ್ದಲಿಯ ಸದ್ದು ಕೇಳುತ್ತಿತ್ತು. ಮಗ ಹಾಕಿದ, ತಮ್ಮ ಹಾಕಿದ. "ಸೊಸೆ ಬಾರವ್ವ," ಅಂತ ಚಿನ್ನಮ್ಮಜ್ಜಿ ಕರೆದಳು.

ಸಿದ್ದಮ್ಮ ಬೆರಳ ತುದಿಯಲ್ಲಿ ನಾಲ್ಕು ಕಾಳು ಅಕ್ಕಿ ಹಿಡಿದು ಬಗ್ಗಿದಳು. ಗಲ್ಲಕ್ಕೆ ಕಟ್ಟಿದ ಬಟ್ಟೆ ಸ್ವಲ್ಪ ಸಡಿಲಾಗಿ ಬಾಯಿ ಬಿರಿದಿತ್ತು. ಹಲ್ಲಿನ ಸಂದಿಯಲ್ಲಿ ಒಂದು ಸಿಪ್ಪೆ ಕಂಡುಬಿಟ್ಟರೆ, ಒಗ್ಗರಣೆಯ ವಾಸನೆ ಬಂದುಬಿಟ್ಟರೆ ಅಂತ ಅವಳು ಮುಖ ತಿರುಗಿಸಿದಳು. ಇನ್ನೊಬ್ಬರಿಗೆ ಕೊಡುವ ಮುಂಚೆ ನಾವು ಕಚ್ಚಬೇಕು ಅಂದ ಬಾಯಿ ಅದು. ಅಕ್ಕಿ ಬಾಯಿಗೆ ಬೀಳದೆ ಹೆಣದ ಎದೆಯ ಮೇಲೆಲ್ಲ ಚೆಲ್ಲಿತು.

"ಯಾಕವ್ವ ಇಂಗ್ ಹೆದರ್ತೀಯ? ನಿಮ್ ಮಾವನೇ ಅಲ್ವಾ," ಅಂದಳು ಚಿನ್ನಮ್ಮಜ್ಜಿ.

ಅಷ್ಟರಲ್ಲಿ ಪಟ್ಟಿಯ ಕಡೆಯಿಂದ ಕೆಂಪಯ್ಯ ಕಿರುಚಿಕೊಂಡ.

ಎಲ್ಲರೂ ಓಡಿದರು. ಕೆಂಪಯ್ಯ ಗುದ್ದಲಿ ಬಿಸಾಕಿ ದೂರ ಹೋಗಿ ನಿಂತಿದ್ದ. ಮೊಳದಷ್ಟು ತೋಡಿದ ಗುಂಡಿಯ ಅಂಚಿನಲ್ಲಿ ಮಣ್ಣು ಕುಸಿದು ಒಳಗಿನಿಂದ ಏನೋ ಬೆಳ್ಳಗೆ ಇಣುಕುತ್ತಿತ್ತು.

"ಮಣ್ ಬೆಣ್ಣೆ ಇದ್ದಂಗೈತೆ, ಸಲೀಸಾಗಿ ತೋಡ್ಬುಡ್ತೀನಿ ಅಂತಿದ್ದೆ," ಕೆಂಪಯ್ಯ ತೊದಲಿದ. "ನೋಡ್ರಪ್ಪ. ಬೆಂದ್ ಕಾಳು! ಒಗ್ಗರಣೆ ಹಾಕಿರೋದು! ಯಾರಾನ ಒಗ್ಗರಣೆ ಹಾಕಿದ್ನ ಹೂಳ್ತಾರಾ?"

"ಮಾಟ," ಅಂದ ವೆಂಕಟಯ್ಯ. ಅವನ ದನಿಯೇ ಬೇರೆಯಾಗಿತ್ತು. "ಅತ್ತಿಗೆ ಗುಂಡಿ ಪಕ್ಕದಾಗೆ ಎಡೆ ಹೂತವ್ರೆ. ಯಾರೋ ಮಾಟ ಮಾಡ್ಸಿ ನಮ್ಮಣ್ಣನ ತೆಗೆದವ್ರೆ."

ಆ ಮಾತು ಬಿದ್ದದ್ದೇ ತಡ, ಜನ ನಾಲ್ಕು ಹೆಜ್ಜೆ ಹಿಂದೆ ಸರಿದರು. ಹೆಂಗಸರು ಮಕ್ಕಳನ್ನು ಸೆರಗಿನೊಳಗೆ ಎಳೆದುಕೊಂಡರು. ಚಿನ್ನಮ್ಮಜ್ಜಿ ಥೂ ಥೂ ಅಂತ ಮೂರು ಸಾರಿ ಉಗಿದಳು. ಕೆಂಪಯ್ಯ, "ನಾ ಇನ್ನ ತೋಡಾಕಿಲ್ಲ, ನಂಗೂ ಹೆಂಡ್ತಿ ಮಕ್ಳವ್ರೆ," ಅಂದುಬಿಟ್ಟ. ಹಾಡುಹಗಲಲ್ಲಿ ಅಷ್ಟು ಜನ ಒಂದು ಹಿಡಿ ಕಾಳಿಗೆ ಹೆದರಿ ನಿಂತಿದ್ದರು. ವೆಂಕಟಯ್ಯ ಮತ್ತೆ ಫೋನು ಎತ್ತಿದ. "ಈಗಂತೂ ಸ್ಟೇಷನ್ಗೆ ಹೇಳ್ಲೇಬೇಕು."

ಸಿದ್ದಮ್ಮ ಮಾತ್ರ ಮುಂದೆ ಹೋದಳು. ಬಟ್ಟಲನ್ನು ಬೋರಲು ಹಾಕಿ ತಟ್ಟಿದಂತೆ ಕಾಳು ಒಂದೇ ಗುಪ್ಪೆಯಾಗಿ ಕೂತಿತ್ತು. ಕರಿಬೇವು, ಸಾಸಿವೆ. ಉದ್ದುದ್ದ ಹೆಚ್ಚಿದ ಕೊಬ್ಬರಿ ಹೋಳು. ಗುಪ್ಪೆಯ ಮೇಲುಗಡೆ ಒಂದು ಕಾಳು ಮಾತ್ರ ಅರ್ಧ ಇತ್ತು. ಅದರ ಅಂಚಿನಲ್ಲಿ ಮುಂದಿನ ಹಲ್ಲಿನ ಗುರುತಿತ್ತು.

ಅವಳು ಅಲ್ಲೇ ಕೂತಳು. ಮಾವ ಜ್ವರದ ಮೈಯಲ್ಲಿ, ಗೋಡೆ ಹಿಡಿದುಕೊಂಡು, ಇಲ್ಲಿವರೆಗೆ ಬಂದು, ಮಂಡಿಯೂರಿ, ಕೈಯಿಂದ ಮಣ್ಣು ಬಗೆದು, ಕೋಳಿ ಕೆದಕದಷ್ಟು ಆಳಕ್ಕೆ ಹೂತಿದ್ದಾನೆ. ಆಮೇಲೆ ಒಳಗೆ ಬಂದು ಚೆನ್ನಾಗಿತ್ತು ಕಣವ್ವ ಅಂದಿದ್ದಾನೆ. ಎರಡು ಚೊಂಬು ನೀರು ಕೇಳಿದ್ದು ಬಾಯಿ ಮುಕ್ಕಳಿಸುವುದಕ್ಕೆ.

ಸುಮ್ಮನಿದ್ದರೆ ಮಾಟ ಅಂತಲೇ ಆಗುತ್ತಿತ್ತು. ಮಾಟದವರನ್ನು ಹುಡುಕುತ್ತಾರೆಯೇ ಹೊರತು ಸೊಸೆಯನ್ನು ಯಾರೂ ಕೇಳುವುದಿಲ್ಲ. ಒಂದು ಗಳಿಗೆ ಅವಳಿಗೆ ಅದೂ ಹೊಳೆಯಿತು. ಆದರೆ ಯಾರನ್ನೋ ಹಿಡಿದು ಬಡಿಯುತ್ತಾರೆ, ಇಲ್ಲ ಈ ಹೆಣವನ್ನು ಕನಕಪುರಕ್ಕೆ ಹೊತ್ತುಕೊಂಡು ಹೋಗಿ ಕೊಯ್ಯುತ್ತಾರೆ.

"ಮಾಟ ಅಲ್ಲ," ಅಂದಳು. ಯಾರಿಗೂ ಕೇಳಿಸಲಿಲ್ಲ. ಮತ್ತೆ ಅಂದಳು. "ಮಾಟ ಅಲ್ಲ ಚಿಕ್ಕಪ್ಪ. ಇದು ನಾನ್ ಮಾಡಿದ್ ಕಾಳು. ನಾನ್ ನೀರ್ ಬದ್ಲಾಯಿಸಿರ್ನಿಲ್ಲ. ಒಂದ್ ದಿನಾನೂ ಬದ್ಲಾಯಿಸಿರ್ನಿಲ್ಲ. ಬದ್ಲಾಯಿಸಿದೀನಿ ಅಂತ ಮಾವುಂಗೆ ಸುಳ್ ಹೇಳ್ದೆ. ಆಗ್ಲೇ ಕರೀಂ ಮಾಮುಂಗೂ ಹೇಳ್ದೆ."

ವೆಂಕಟಯ್ಯ ಒಂದು ಹೆಜ್ಜೆ ಮುಂದೆ ಬಂದ. ಅವನಿಗಿಂತ ಮೊದಲು ಕರೀಂ ಬಂದು ಅವಳ ಎದುರು ಮಣ್ಣಲ್ಲಿ ಕೂತ. ಗುಪ್ಪೆಯನ್ನು ನೋಡಿದ, ಆ ಅರ್ಧ ಕಾಳನ್ನು ನೋಡಿದ.

"ಬಟ್ಲು ತುಂಬ ಕೊಟ್ಟಿದ್ದೆಯಾ?"

"ತುಂಬ."

"ಬಟ್ಲು ತುಂಬ ಇಲ್ಲೇ ಐತಲ್ಲವ್ವ." ಮುದುಕ ಗುಪ್ಪೆಯ ಕಡೆ ಕೈ ತೋರಿಸಿದ. "ಒಂದ್ ಕಚ್ಚಿ ನೋಡು."

ಸಿದ್ದಮ್ಮ ಗುಪ್ಪೆಯೊಳಗಿಂದ ಒಂದು ಕಾಳು ತೆಗೆದು ಸೆರಗಿನಲ್ಲಿ ಒರೆಸಿ ಮುಂದಿನ ಹಲ್ಲಿನಿಂದ ಕಚ್ಚಿದಳು. ಕಹಿ ನಾಲಿಗೆ ತುದಿಯಿಂದ ಕಿವಿಯವರೆಗೂ ಹತ್ತಿತು. ಮುಖ ಹಿಂಡಿ ಉಗಿದಳು.

"ಕಹಿ ಐತಾ?"

"ಐತೆ ಮಾಮ."

"ಇದನ್ನ ಬಾಯಲ್ಲಿ ಇಟ್ಕೊಳಾಕೆ ಆಯ್ತದಾ?"

ಅವಳು ತಲೆ ಅಲ್ಲಾಡಿಸಿದಳು. ಬೆಳಗಿನಿಂದ ಬಾರದಿದ್ದ ಅಳು ಆಗ ಬಂತು. ರಾಗವಿಲ್ಲ, ಮಾತಿಲ್ಲ, ಹೊಟ್ಟೆಯೊಳಗಿಂದ ಬರಿ ದನಿ. ಇಷ್ಟು ಹೊತ್ತು ಕೊಂದೆ ಅಂತ ಹೆದರಿದ್ದಳು. ಈಗ ಆ ಹೆದರಿಕೆ ಹೋಯಿತು. ಅದಕ್ಕಿಂತ ಭಾರದ್ದು ಇನ್ನೊಂದು ಬಂದು ಕೂತಿತು, ಅದಕ್ಕೆ ಅವಳಲ್ಲಿ ಹೆಸರಿರಲಿಲ್ಲ.

ವೆಂಕಟಯ್ಯ ಫೋನನ್ನು ಜೇಬಿಗೆ ಹಾಕಿಕೊಂಡು, ಪಂಚೆ ಎತ್ತಿ ಕಟ್ಟಿ, ಕೆಂಪಯ್ಯ ಬಿಸಾಕಿದ್ದ ಗುದ್ದಲಿ ತಾನೇ ಎತ್ತಿಕೊಂಡು ಗುಂಡಿಗೆ ಇಳಿದ. ಕಿತ್ತ ಬೇರಿನಲ್ಲಿ ಸಣ್ಣ ಸಣ್ಣ ಗಂಟು. ಕಪ್ಪು ಮಣ್ಣಿನಲ್ಲಿ ಎರೆಹುಳು. ಅವನು ಒಂದು ಹೆಂಟೆ ಕೈಗೆ ತೆಗೆದುಕೊಂಡ, ಅದು ಹಿಚುಕುವ ಮೊದಲೇ ಪುಡಿಯಾಯಿತು. "ಹುರುಳೀನೂ ಬರ್ತಿರ್ನಿಲ್ಲ ಇಲ್ಲಿ," ಅಂತ ತನ್ನಷ್ಟಕ್ಕೆ ಹೇಳಿಕೊಂಡು ತೋಡತೊಡಗಿದ. ಸ್ವಲ್ಪ ಹೊತ್ತಿಗೆ ಕೆಂಪಯ್ಯನೂ ಇಳಿದ.

ಗಂಗಹನುಮಯ್ಯನನ್ನು ಹೊತ್ತು ತಂದು ಒಳಗೆ ಇಳಿಸುವ ಹೊತ್ತಿಗೆ ಬಿಸಿಲು ಬಾಗಿತ್ತು. ಬೀಜಕ್ಕೆ ಬಿಟ್ಟ ಸಾಲನ್ನು ಯಾರೂ ತುಳಿಯದೆ ಸುತ್ತಿ ಬಳಸಿ ಬಂದರು. ಮಗ ಮೂರು ಹಿಡಿ ಮಣ್ಣು ಹಾಕಿದ. ತಮ್ಮ ಹಾಕಿದ. ಕರೀಂ ಹಾಕಿದ. ಸಿದ್ದಮ್ಮ ಮುಂದೆ ಬಂದಳು. ಆ ಕಾಳಿನ ಗುಪ್ಪೆಯನ್ನು ಅವಳು ಮಣ್ಣಿನ ಸಮೇತ ಎರಡೂ ಕೈಯಲ್ಲಿ ಎತ್ತಿಕೊಂಡಿದ್ದಳು.

ಮಗಳು ಬಂದು ಪಕ್ಕದಲ್ಲಿ ನಿಂತು ಇಣುಕಿದಳು. ಕಾಳಿನ ಗುರುತು ಹತ್ತಿತು. ಅಭ್ಯಾಸದಂತೆ ಅಂಗೈ ಚಾಚಿದಳು.

"ಒಂದ್ ಕೊಡವ್ವ."

ಸಿದ್ದಮ್ಮ ಕೈ ಎರಡನ್ನೂ ಎದೆಗೆ ಒತ್ತಿಕೊಂಡಳು.

"ಬೇಡ ಮಗ," ಅಂದಳು. "ಇದು ತಾತಂಗೇ ಇರ್ಲಿ."

ಬಗ್ಗಿ ಕೈ ಸಡಿಲಿಸಿದಳು. ಕಾಳೆಲ್ಲ ಬಿಳಿ ಪಂಚೆಯ ಮೇಲೆ ಉದುರಿದವು. ಆಮೇಲೆ ಒಂದು ಹಿಡಿ ಬರಿ ಮಣ್ಣು ತೆಗೆದು, ಚಾಚಿಕೊಂಡೇ ಇದ್ದ ಮಗಳ ಅಂಗೈಗೆ ಇಟ್ಟಳು.